ಖಾಲಿ ಗಾಡಿ ಕಳಸಬಾರದು

ಸಿನಿಮಾದಲ್ಲಿ ಹೀರೋ ಬರುವಾಗ ಮೊದಲು ಬೂಟು ತೋರಿಸುತ್ತಾರೆ, ಆಮೇಲೆ ಕೈಯ ಕಡಗ, ಆಮೇಲೆ ಗಾಳಿಗೆ ಹಾರುವ ಕೂದಲು, ಎಲ್ಲಾ ಮುಗಿದ ಮೇಲೆ ಮುಖ. ಆಳಂದ ಪುರಸಭೆಯ ಕಸದ ಗಾಡಿಯ ಡ್ರೈವರ್ ಗುರುಪಾದ ದಿನಾ ಬೆಳಿಗ್ಗೆ ಆರಕ್ಕೆ ಗಾಡಿಯಿಂದ ಹಾಗೇ ಇಳಿಯುತ್ತಿದ್ದ. ಫರಕು ಇಷ್ಟೇ: ಬೂಟಿನ ಬದಲು ಪಿನ್ನು ಹಾಕಿದ ಚಪ್ಪಲಿ, ಎಣ್ಣೆ ಹೆಚ್ಚಾಗಿ ಹಾರಲೊಲ್ಲದ ಕೂದಲು, ಮತ್ತು ಮುಖ ಕಂಡ ಕೂಡಲೇ ಸೀಟಿ ಹೊಡೆಯುವ ಬದಲು ಬಾಗಿಲು ಹಾಕಿಕೊಳ್ಳುವ ಓಣಿಯ ಮಂದಿ.

ಬಾಗಿಲು ಹಾಕಿಕೊಳ್ಳಲು ಕಾರಣ ಜಿಲೇಬಿ.

ಎರಡು ತಿಂಗಳ ಹಿಂದೆ ಗಾಡಿಯ ಮೈಕಿನಲ್ಲಿ ಅವನು ಮುಖ್ಯಾಧಿಕಾರಿ ಮಧುಮತಿ ಮೇಡಂ ಅವರ ದನಿಯನ್ನು ಅಚ್ಚುಹಾಕಿದಂತೆ ಅಣಕಿಸಿ, "ಹಸಿ ಕಸ ಬ್ಯಾರೆ, ಒಣ ಕಸ ಬ್ಯಾರೆ ಮಾಡಿ ತಂದವ್ರಿಗಿ ಪುರಸಭೆ ಮುಂದ ಬಿಸಿ ಜಿಲೇಬಿ" ಎಂದು ಸಾರಿಬಿಟ್ಟಿದ್ದ. ಅರ್ಧ ತಾಸಿನಲ್ಲಿ ಊರಿಗೆ ಊರೇ ಬಂದು ನಿಂತಿತು. ಎಲ್ಲರ ಒಂದು ಕೈಯಲ್ಲಿ ಕಸ, ಇನ್ನೊಂದು ಕೈಯಲ್ಲಿ ತಾಟು. ಹಸಿ, ಒಣ ಎಂದು ಬೇರೆಯಾದ ಕಸದ ಅಷ್ಟು ದೊಡ್ಡ ರಾಶಿಯನ್ನು ಊರು ಅದುವರೆಗೆ ಕಂಡಿರಲಿಲ್ಲ. ಜಿಲೇಬಿಯನ್ನು ಅಂದೂ ಕಾಣಲಿಲ್ಲ.

ಗುರುಪಾದ ಅಮಾನತಾಗಿ ಹದಿನೈದು ದಿನ ಮನೆಯಲ್ಲಿ ಕೂತ. ತಿರುಗಿ ಬಂದಾಗ ಅವನಿಗೊಂದು ಹೊಸ ಹೆಸರು ಬಿದ್ದಿತ್ತು: ಜಿಲೇಬಿ ಗುರ್ಯಾ. ಅದರೊಟ್ಟಿಗೆ ಇನ್ನೊಂದು ಶಿಕ್ಷೆಯೂ ಕಾದಿತ್ತು. ಅವನು ಮೈಕಿನಲ್ಲಿ "ಇವತ್ತು ನೀರು ಬರ್ತದ್ರಿ" ಎಂದು ಖರೆ ಹೇಳಿದರೂ ಯಾರೂ ಕೊಡ ಹಿಡಿಯುತ್ತಿರಲಿಲ್ಲ.

ಇಂಥವನ ಕೈಗೆ ಮೂರು ಊರಿನ ಗಾಡಿ ಬಂತು.

ಅದರ ಕತೆ ಹೀಗೆ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ ಪುರಸಭೆಗಳು ಕೂಡಿ ಹೊಗೆ ಕಡಿಮೆ ಮಾಡುವ ಒಪ್ಪಂದ ಮಾಡಿಕೊಂಡಿದ್ದವು. ಒಂದೊಂದು ಊರೂ ಬೇರೆ ಬೇರೆ ಡೀಸೆಲ್ ಗಾಡಿ ಓಡಿಸುವ ಬದಲು ಮೂರಕ್ಕೂ ಸೇರಿ ಒಂದು ಬ್ಯಾಟರಿ ಗಾಡಿ, ಊರಿಗೆ ವಾರದಲ್ಲಿ ಎರಡೆರಡು ದಿನ. ಹಸಿ ಕಸ ಗೊಬ್ಬರವಾಗಲು ಆಳಂದದಲ್ಲಿ ಗುಂಡಿ, ಒಣ ಕಸ ಆರಿಸಲು ಅಫಜಲಪುರದಲ್ಲಿ ಶೆಡ್ಡು, ಗಾಡಿಗೆ ಬಿಸಿಲಿನ ಕರೆಂಟು ತುಂಬಲು ಜೇವರ್ಗಿಯಲ್ಲಿ ಸೋಲಾರ್ ಚಪ್ಪರ. ಒಬ್ಬರ ಹಿಟ್ಟು, ಒಬ್ಬರ ಹಂಚು, ಒಬ್ಬರ ಒಲೆ. ರೊಟ್ಟಿ ಮಾತ್ರ ಮೂವರದು.

ಇಷ್ಟು ಚೆಂದದ ಒಪ್ಪಂದ ಮುರಿದು ಬೀಳುವ ಹಂತಕ್ಕೆ ಹೋಗಿದ್ದು ಒಂದೇ ವಿಷಯಕ್ಕೆ: ಗಾಡಿಯ ಮೇಲೆ ಯಾವ ಊರಿನ ಹೆಸರು ಮೊದಲು? ಮೂರು ಸಭೆ, ಒಂಬತ್ತು ಸುತ್ತು ಚಹಾ ಆದ ಮೇಲೆ ಎಡಕ್ಕೆ ಆಳಂದ, ಬಲಕ್ಕೆ ಅಫಜಲಪುರ, ಹಿಂದೆ ಜೇವರ್ಗಿ ಎಂದು ತೀರ್ಮಾನವಾಯಿತು. ಜೇವರ್ಗಿಯ ಅಧ್ಯಕ್ಷ ಶ್ರೀಮಂತಪ್ಪ ಗುರ್ ಎಂದರು. "ನಾವೇನು ಬಾಲ ಏನ್ರಿ?"

"ಹಿಂದ ಬರೋ ಗಾಡಿಯವ್ರೆಲ್ಲಾ ನಿಮ್ಮ ಹೆಸರೇ ಓದ್ತಾರ್ರಿ. ಎಷ್ಟು ಮಂದಿ ನಿಮ್ಮ ಬೆನ್ನ ಹತ್ತಿರ್ತಾರ ನೋಡ್ರಿ," ಎಂದು ಅಫಜಲಪುರದ ಅಧ್ಯಕ್ಷೆ ಸರ್ವರಬೇಗಂ ಸಮಾಧಾನ ಮಾಡಿದರು. ಶ್ರೀಮಂತಪ್ಪ ಮೀಸೆಯೊಳಗೆ ನಕ್ಕು, ಒಂದು ಷರತ್ತಿನ ಮೊಳೆ ಹೊಡೆದರು. "ಗಾಡಿ ಒಂದೇ ಚಾರ್ಜಿನ್ಯಾಗ ಮೂರೂ ಊರು ಮುಟ್ಲಿ, ಐದು ಕ್ವಿಂಟಲ್ ಭಾರ ಹೊತ್ತು ಮುಟ್ಲಿ. ಮುಟ್ಟಲಿಲ್ಲಂದ್ರ ಮರುದಿನಾನೇ ನಮ್ಮ ಸಭೆ ಅದ, ನಾವು ಡೀಸೆಲ್ ಗಾಡಿ ತಗೋತೇವಿ. ಆಮ್ಯಾಲ ಹೊಗಿ ಹೋಗಲಿಲ್ಲ ಅಂತ ನನ್ನ ಮುಂದ ಅಳಬ್ಯಾಡ್ರಿ."

ಬ್ಯಾಟರಿ ಗಾಡಿ ಓಡಿಸುವ ತರಬೇತಿಗೆ ಹೋಗಿ ಬಂದಿದ್ದವನು ಗುರುಪಾದ ಒಬ್ಬನೇ. ಮಧುಮತಿ ಮೇಡಂ ಅವನನ್ನು ಎದುರು ನಿಲ್ಲಿಸಿಕೊಂಡರು.

"ಗುರುಪಾದ, ಗಾಡಿ ಮುಟ್ಟಿಸಿದಿ ಅಂದ್ರ ಸ್ಟೇರಿಂಗು ನಿಂದು. ಮುಟ್ಟಿಸಲಿಲ್ಲ ಅಂದ್ರ ನೀ ಮತ್ತ ತಳ್ಳೋ ಗಾಡಿಗಿ. ನಡುವ ಒಂದು ಕಿತಾಪತಿ ಮಾಡಿದಿ..."

"ಮೇಡಂ, ಈ ಗುರುಪಾದ ಒಂದ್ಸಲ ಗೇರ್ ಹಾಕಿದ್ರ, ಎದುರಿಗಿ ಯಮ ಬಂದ್ರೂ ಸೈಡ್ ಕೇಳ್ಬೇಕು!"

"ಅದಕ್ಕ ಗೇರ್ ಇಲ್ಲಪ್ಪಾ," ಎಂದರು ಮೇಡಂ.

ಡೈಲಾಗು ಬಿದ್ದುಹೋಯಿತು. ಆದರೆ ಆಸೆ ಬೀಳಲಿಲ್ಲ. ಗುರುಪಾದನ ಮನೆ ಇದ್ದದ್ದು ಊರ ಹೊರಗಿನ ತಿಪ್ಪೆಯ ಹಿಂದೆ. ದಾರಿಹೋಕರು ಯಾರೋ ಬೀಡಿ ಹಚ್ಚಿ ಕಡ್ಡಿ ಒಗೆದರೆ ಸಾಕು, ವಾರಗಟ್ಟಲೆ ಒಳಗೊಳಗೇ ಹೊಗೆಯಾಡುತ್ತಿತ್ತು. ಗಾಳಿ ಬೀಸಿದ ದಿನ ಆಯಿ ನಿಂಬೆವ್ವ, ಅಂದರೆ ಅವನನ್ನು ಸಾಕಿದ ಅಜ್ಜಿ, ಸೆರಗು ಮೂಗಿಗೆ ಹಿಡಿದು ಕೆಮ್ಮುತ್ತಿದ್ದಳು.

"ಅದೇನೋ ಇಂಗಾಲ ಅಂತಾರಲ್ಲೋ, ಹಂಗಂದ್ರ ಏನ್ಲೇ?" ಎಂದು ಒಮ್ಮೆ ಕೇಳಿದ್ದಳು.

"ನೀ ಕೆಮ್ಮತಿಯಲ್ಲ ಆಯಿ, ಅದರ ಅಣ್ಣ."

ಒಣ ಕಸ ಹೇರಿಕೊಂಡು ಹೋಗಲು ಗಾಡಿ ಬಂದರೆ ತಿಪ್ಪೆಯಲ್ಲಿ ಉರಿಯಲು ಏನೂ ಉಳಿಯುವುದಿಲ್ಲ ಎಂಬುದು ಗುರುಪಾದನ ಲೆಕ್ಕ. ಸ್ಟೇರಿಂಗಿನ ಆಸೆಯನ್ನು ಊರಿಗೆಲ್ಲಾ ಸಾರಿದ್ದ. ಈ ಲೆಕ್ಕವನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಹೀರೋಗಳು ಅಂಥದ್ದನ್ನೆಲ್ಲಾ ಬಾಯಿಬಿಟ್ಟು ಹೇಳುವುದಿಲ್ಲ, ಹಿಂದೆ ಸಂಗೀತ ಹಾಕುತ್ತಾರೆ.

ಪರೀಕ್ಷೆಯ ದಿನ ಗಾಡಿ ತಯಾರಿಸಿದ ಬೆಂಗಳೂರಿನ ಕಂಪನಿಯ ಇಂಜಿನಿಯರ್ ಬಂದ. ಹೆಸರು ಅನೀಲಕುಮಾರ, ಮಂಡ್ಯದ ಕಡೆಯವನು, ಕೈಯಲ್ಲಿ ನಾಲ್ಕು ಹಾಳೆಯ ಫಾರಂ. ಗಾಡಿಯಲ್ಲಿ ಎದುರಿಗೇ ಪುಟ್ಟ ಪರದೆ, ಅದರಲ್ಲಿ ಎರಡು ಅಂಕಿ: ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ, ಹಿಂದಿನ ಡಬ್ಬಿಯಲ್ಲಿ ಎಷ್ಟು ಭಾರ ಇದೆ.

"ಮೂರೂ ಪುರಸಭೆ ಮುಂದೆ ನಿಂತಾಗ ಭಾರ ಐದು ಕ್ವಿಂಟಲ್‌ಗೆ ಕಮ್ಮಿ ಇರ್ಬಾರ್ದು. ಸಂಜೆ ಐದರೊಳಗೆ ಜೇವರ್ಗಿ. ಮರಳಿನ ಚೀಲ ಹಾಕ್ಸಿ, ಹೊರಡೋಣ," ಎಂದ ಅನೀಲಕುಮಾರ.

ಗುರುಪಾದ ಅತ್ತಿತ್ತ ನೋಡಿದ. ಮರಳಿನ ಚೀಲ ಹೊರಬೇಕಾದ ಹಮಾಲರಿಲ್ಲ. ಮರಳಿನವನ ಅಂಗಡಿಗೆ ಕೀಲಿ. ಚಹಾದ ಅಂಗಡಿಗೂ ಕೀಲಿ. ಬಸ್ ಸ್ಟ್ಯಾಂಡಿನ ನಾಯಿಗಳು ಕೂಡ ಹೊಲದ ದಾರಿ ಹಿಡಿದಿದ್ದವು.

"ಸರ್, ಈ ತಾರೀಖು ಇಟ್ಟವ್ರು ಯಾರ್ರಿ?"

"ನಮ್ಮ ಆಫೀಸಲ್ಲಿ. ಯಾಕೆ?"

"ಇವತ್ತು ಎಳ್ಳಮಾಸಿ ಅದ್ರಿ!"

ಅನೀಲಕುಮಾರನಿಗೆ ಅದು ಅರ್ಥವಾಗಲಿಲ್ಲ. ಎಳ್ಳ ಅಮಾವಾಸ್ಯೆ ಎಂದರೆ ಈ ಸೀಮೆಯಲ್ಲಿ ಊರು ಖಾಲಿ, ಹೊಲ ಭರ್ತಿ. ಹಿಂದಿನ ದಿನದಿಂದಲೇ ಅಂಬಲಿ, ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಬಜ್ಜಿ ಪಲ್ಯ, ಸಜ್ಜೆ ಕಡುಬು, ಶೇಂಗಾ ಹೋಳಿಗೆ ಮಾಡಿ, ಗಡಿಗೆ ಬುಟ್ಟಿಗಳಲ್ಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಅದೇ ಅಡುಗೆಯನ್ನು ಪೈರಿಗೆ ಚರಗವೆಂದು ಚೆಲ್ಲಿ, ಆಮೇಲೆ ದಾರಿಯಲ್ಲಿ ಹೋಗುವ ಯಾರನ್ನೂ ಬಿಡದೆ ಕರೆದು ಉಣ್ಣಿಸುವ ಹಬ್ಬ. ಆ ದಿನ ಹಮಾಲನೂ ಹೊಲದಲ್ಲೇ, ಮಾಲಕನೂ ಹೊಲದಲ್ಲೇ.

"ಭಾರ ಇಲ್ದೆ ಹೋದ್ರೆ ಪರೀಕ್ಷೆ ಲೆಕ್ಕಕ್ಕಿಲ್ಲ," ಎಂದು ಅನೀಲಕುಮಾರ ಫಾರಂ ಮಡಚಿದ. "ಮುಂದಿನ ತಿಂಗಳು ನೋಡೋಣ."

ಮುಂದಿನ ತಿಂಗಳು! ನಾಳೆಯೇ ಜೇವರ್ಗಿಯ ಸಭೆ. ಗುರುಪಾದನ ಕಣ್ಣ ಮುಂದೆ ತಳ್ಳುವ ಗಾಡಿ ಉರುಳಿಕೊಂಡು ಬಂತು. ಅದೇ ಹೊತ್ತಿಗೆ ಎದುರಿನ ಬಸ್ ಸ್ಟಾಪಿನಲ್ಲಿ ಪಕ್ಕದ ಮನೆಯ ಸುಭದ್ರಾಬಾಯಿ ಕಂಡಕ್ಟರನೊಡನೆ ಜಗಳಕ್ಕೆ ನಿಂತಿದ್ದಳು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಆದರೆ ತುಂಬಿದ ಅಂಬಲಿ ಗಡಿಗೆಯನ್ನು ಒಳಗೆ ಬಿಡಲು ಕಂಡಕ್ಟರ್ ಒಲ್ಲೆ ಎನ್ನುತ್ತಿದ್ದ. ಅವಳ ಹಿಂದೆ ಇಪ್ಪತ್ತು ಹೆಂಗಸರು, ಇಪ್ಪತ್ತು ಗಡಿಗೆ, ಲೆಕ್ಕವಿಲ್ಲದಷ್ಟು ಬುಟ್ಟಿ. ಟಂಟಂ ಆಟೋಗಳೆಲ್ಲಾ ನಸುಕಿನಲ್ಲೇ ತುಂಬಿ ಹೋಗಿಬಿಟ್ಟಿದ್ದವು.

ಗುರುಪಾದ ಮೈಕ್ ಹಿಡಿದ. "ಅವ್ವಗೋಳ್ರಾ, ಅಕ್ಕಗೋಳ್ರಾ! ಬುತ್ತಿ ಈ ಗಾಡ್ಯಾಗ, ನೀವು ಬಸ್ಸಿನ್ಯಾಗ! ನಿಮ್ಮ ನಿಮ್ಮ ಹೊಲದ ಬದುವಿಗಿ ತಂದು ಇಳಸ್ತೇನಿ!"

ಸುಭದ್ರಾಬಾಯಿ ಕಂಡಕ್ಟರನನ್ನು ಬಿಟ್ಟು ಇವನ ಕಡೆ ತಿರುಗಿದಳು.

"ಕಸದ ಗಾಡ್ಯಾಗ ಪಾಂಡವರ ಎಡಿ ಇಡ್ತಾರೇನ್ಲೇ ಜಿಲೇಬಿ? ಹೋದ್ಸಲ ಜಿಲೇಬಿ ಅಂದಿ, ತಾಟು ಹಿಡಕೊಂಡು ಬಿಸಲಾಗ ಒಣಗಿದೆವು. ಈಗ ನಮ್ಮ ಕಡುಬು ಹಾರಿಸ್ಕೊಂಡು ಹೋಗಾಕತ್ತೀಯೇನು?"

ಹೆಂಗಸರೆಲ್ಲಾ ನಕ್ಕರು. ಗುರುಪಾದ ಒಂದು ಡೈಲಾಗು ಹುಡುಕಿದ; ಇದ್ದ ಡೈಲಾಗೆಲ್ಲಾ ಹೀರೋ ಗೆದ್ದ ಮೇಲೆ ಹೇಳುವಂಥವು.

"ಹೌದ್ರಿ ಅತ್ತಿ," ಎಂದ ಮೈಕಿನಲ್ಲೇ, ಸಣ್ಣ ದನಿಯಲ್ಲಿ. "ಅವತ್ತು ಸುಳ್ಳು ಹೇಳಿದ್ದೆ. ಇವತ್ತು ಜಿಲೇಬಿನೂ ಇಲ್ಲ, ಏನೂ ಇಲ್ಲ. ಐದು ಕ್ವಿಂಟಲ್ ಭಾರ ಇಲ್ಲಂದ್ರ ಈ ಗಾಡಿ ನಮ್ಮೂರಿಗಿ ಬರಂಗಿಲ್ಲ. ನಾ ಕೇಳಾಕತ್ತೇನಿ, ಅಷ್ಟೇ."

ಆಗ ಹೆಂಗಸರ ಹಿಂದಿನಿಂದ ಕೆಮ್ಮು ಕೇಳಿಸಿತು. ಕೆಮ್ಮಿನ ಹಿಂದೆ ನಿಂಬೆವ್ವ ಬಂದಳು, ತಲೆಯ ಮೇಲೆ ಅಂಬಲಿ ಗಡಿಗೆ.

"ಸುಭದ್ರಾ, ಕುಂಬಾರನ ಮನಿಯಿಂದ ತಂದ ಹೊಸ ಗಡಿಗಿ ಯಾತರದು ಹೇಳು? ನೀರು ತುಂಬಿದ್ರ ನೀರಿಂದು, ಹಾಲು ತುಂಬಿದ್ರ ಹಾಲಿಂದು. ಈ ಗಾಡಿ ಇನ್ನೂ ಯಾತರದೂ ಅಲ್ಲ. ಕಸ ನಾಳಿ ತುಂಬ್ತದ. ಮೊದ್ಲ ನನ್ನ ಅಂಬಲಿ ಕೂಡ್ತದ." ಹಾಗೆಂದು ಕುಂಕುಮ ತೆಗೆದು ಗಾಡಿಯ ಹಣೆಗೆ ಹಚ್ಚಿ, ಗಡಿಗೆಯನ್ನು ಒಳಗಿಟ್ಟಳು. ಪರದೆಯ ಮೇಲೆ ಅಂಕಿ ಹದಿನೆಂಟು ಕಿಲೋ ತೋರಿಸಿತು.

ಸುಭದ್ರಾಬಾಯಿ ಗಾಡಿಯ ಒಳಗೆ ತಲೆ ಹಾಕಿ ಮೂಸಿದಳು. ಹೊಸ ಬಣ್ಣದ ವಾಸನೆ ಬಿಟ್ಟರೆ ಏನೂ ಇರಲಿಲ್ಲ. "ನನ್ನ ಬಜ್ಜಿ ಒಂದು ಚಮಚ ಕಮ್ಮಿ ಆದ್ರೂ ನಿನ್ನ ಚರ್ಮ ಸುಲೀತೇನಿ," ಎಂದು ಗಡಿಗೆ ಇಟ್ಟಳು. ಆಮೇಲೆ ಕೇಳಬೇಕೆ? ಒಂದು ತಾಸಿನಲ್ಲಿ ಐದು ಕ್ವಿಂಟಲ್ ಇಪ್ಪತ್ತು ಕಿಲೋ ಹಬ್ಬ ಗಾಡಿಯೊಳಗೆ ಕೂತಿತ್ತು. ಗುರುತಿಗೆ ಒಂದೊಂದು ಗಡಿಗೆಯ ಕೊರಳಿಗೂ ಒಂದೊಂದು ಬಣ್ಣದ ಸೀರೆಯ ಚೂರು. ಅನೀಲಕುಮಾರ ಪುರಸಭೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದು, ಫಾರಂನಲ್ಲಿ 'ಮರಳು' ಎಂದಿದ್ದನ್ನು ಹೊಡೆದು 'ಅಂಬಲಿ' ಎಂದು ಬರೆದ.

ಗಾಡಿ ಸದ್ದಿಲ್ಲದೆ ಹೊರಟಿತು. ಹಿಂದೆ ಗಡಿಗೆಗಳು ಒಂದಕ್ಕೊಂದು ಭುಜ ತಾಕಿಸಿ ಮಾತಾಡುತ್ತಿದ್ದವು. ಗುರುಪಾದ ಒಂದು ಕೈ ಕಿಟಕಿಯ ಮೇಲಿಟ್ಟು, "ಸರ್, ನಮ್ಮ ಪ್ಲಾನ್ ಹೆಂಗದ?" ಎಂದ.

"ಚೆನ್ನಾಗಿದೆ. ಆದ್ರೆ ಗುರುಪಾದ್, ಇವನ್ನೆಲ್ಲಾ ದಾರೀಲಿ ಅವರವರ ಹೊಲಕ್ಕೆ ಇಳಿಸಿಬಿಟ್ರೆ, ಅಫಜಲಪುರದಲ್ಲಿ ಏನು ತೋರಿಸ್ತೀರಾ?"

ಗುರುಪಾದನ ಕೈ ಕಿಟಕಿಯಿಂದ ತಾನಾಗಿಯೇ ಒಳಗೆ ಬಂತು. ಇಡೀ ಪ್ಲಾನಿನಲ್ಲಿ ಅವನು ಅದೊಂದನ್ನು ಯೋಚಿಸಿರಲಿಲ್ಲ. ಬುತ್ತಿ ಎಂದ ಮೇಲೆ ಅದು ಇಳಿಯಲೇಬೇಕು. ಕೊಟ್ಟ ಮಾತು, ಅದೂ ಜಿಲೇಬಿಯ ಸುಳ್ಳಾದ ಮೇಲೆ ಕೊಟ್ಟ ಮಾತು.

ಮೊದಲ ಹೊಲ, ಎರಡನೇ ಹೊಲ, ಐದನೇ ಹೊಲ. ಬಸ್ಸಿನಿಂದ ಇಳಿದ ಹೆಂಗಸರು ಬದುವಿನಲ್ಲಿ ಕಾಯುತ್ತಿದ್ದರು. ಗಡಿಗೆ ಇಳಿದ ಹಾಗೆ ಪರದೆಯ ಅಂಕಿಯೂ ಇಳಿಯಿತು: ನಾಲ್ಕು ಎಂಬತ್ತು, ನಾಲ್ಕು ಹತ್ತು, ಮೂರು ಅರವತ್ತು. ಗುರುಪಾದನ ಮುಖವೂ ಅದರ ಜೊತೆಗೇ ಇಳಿಯಿತು. ಭೂಸನೂರ ಮುಟ್ಟುವ ಹೊತ್ತಿಗೆ ಉಳಿದದ್ದು ಎರಡು ಗಡಿಗೆ ಮಾತ್ರ. ಅವು ಕಬ್ಬು ಬೆಳೆಯುವ ಚಂದ್ರಾಮ ಕಾಕಾನವು.

ಚಂದ್ರಾಮ ಕಾಕಾ ತನ್ನ ಗಡಿಗೆ ಇಳಿಸಿಕೊಂಡು, ಒಳಗೆ ಇಣುಕಿ, ಬೆಚ್ಚಿಬಿದ್ದ. "ಏ ಗುರ್ಯಾ! ಗಾಡಿ ಖಾಲಿ ಅದಲ್ಲೋ!"

"ಹೌದು ಕಾಕಾ. ನನ್ನ ನಸೀಬೂ ಹಂಗೇ ಅದ."

"ಬುತ್ತಿ ತಂದ ಬುಟ್ಟಿ ಖಾಲಿ ಕಳಸಬಾರದು ಅಂತ ನಿಮ್ಮ ಆಯಿ ಹೇಳಿಕೊಟ್ಟಿಲ್ಲೇನು? ಬುಟ್ಟಿನೇ ಕಳಸಬಾರದು ಅಂದ ಮ್ಯಾಲ, ಇಷ್ಟ ದೊಡ್ಡ ಗಾಡಿ ಖಾಲಿ ಕಳಸಿದ್ರ ನನ್ನ ಹೊಲ ಮುಂದಿನ ವರ್ಷ ಏನಂದೀತು? ಏಯ್, ಕಬ್ಬು ತರ್ರಿ!"

ನೋಡನೋಡುತ್ತ ಆರು ಸಿವುಡು, ಅಂದರೆ ಆರು ಕಟ್ಟು ಕಬ್ಬು ಗಾಡಿಯೊಳಗೆ ಬಿದ್ದವು. ಪಕ್ಕದ ಹೊಲದವನು ಇದನ್ನು ಕಂಡ. ಚಂದ್ರಾಮ ಆರು ಸಿವುಡು ಕೊಟ್ಟ ಎಂದ ಮೇಲೆ ತಾನು ನಾಲ್ಕು ಕೊಟ್ಟರೆ ಮರ್ಯಾದೆ ಏನಾಗಬೇಕು? ಅವನು ಎಂಟು ಕೊಟ್ಟ. ಅದರಾಚೆಯ ಹೊಲದಲ್ಲಿ ಕಬ್ಬಿಲ್ಲ, ಕಡಲೆ. ಹಸಿರು ಕಾಯಿ ತುಂಬಿದ ಕಡಲೆ ಗಿಡದ ಹೊರೆಗಳು ಬಂದವು. ಪ್ರತಿ ಹೊಲದಲ್ಲೂ ಗಾಡಿಗೆ ಹೊರೆ, ಗಾಡಿಯವರಿಗೆ ಊಟ. ಒಲ್ಲೆ ಎನ್ನುವ ಹಾಗಿಲ್ಲ.

"ಸಾಹೇಬ್ರು ಬೆಂಗಳೂರಿನವ್ರಂತ! ಇನ್ನೆರಡು ಕಡುಬು ಹಾಕವಾ!"

"ಅಮ್ಮಾ, ಇದು ಆರನೇ ಊಟ. ಸತ್ತೋಗ್ತೀನಿ," ಎಂದ ಅನೀಲಕುಮಾರ.

"ಎಳ್ಳಮಾಸಿ ದಿನ ಉಂಡು ಸತ್ತವ್ರು ಯಾರೂ ಇಲ್ಲಪ್ಪಾ. ಉಣ್ಣು!"

ಅಫಜಲಪುರ ಪುರಸಭೆಯ ಮುಂದೆ ಗಾಡಿ ನಿಂತಾಗ ಪರದೆಯ ಮೇಲೆ ಐದು ಕ್ವಿಂಟಲ್ ಅರವತ್ತು. ಬ್ಯಾಟರಿ ಅರ್ಧಕ್ಕಿಂತ ತುಸು ಮೇಲೆ. ಗುರುಪಾದ ಚಪ್ಪಲಿ ಮೊದಲು ತೋರಿಸಿ, ನಿಧಾನಕ್ಕೆ ಇಳಿದ. ಈ ಸಲ ಪಿನ್ನು ಕೂಡ ಮಿಂಚಿತು.

ಸರ್ವರಬೇಗಂ ಗಾಡಿಯ ಸುತ್ತ ಬಂದು, ಬಲಗಡೆ ತಮ್ಮ ಊರಿನ ಹೆಸರು ಸರಿಯಾಗಿದೆಯೇ ಎಂದು ನೋಡಿಕೊಂಡರು. ಆಮೇಲೆ ಒಳಗೆ ನೋಡಿ ನಕ್ಕರು. "ಕಸದ ಗಾಡಿ ಅಂದಿದ್ರಿ, ಇದೇನು ಮದಿವಿ ಗಾಡಿ ಆಗ್ಯಾದ? ಎರಡು ಹೊರಿ ಕಡ್ಲಿ ನಮ್ಮ ಓಣಿ ಹುಡುಗ್ರಿಗಿ ಇಳಸು. ಫಯಾಜ, ಒಳಗಿನ ಬಾಳಿ ಗೊನಿ ತಾ. ನಾಲ್ಕೂ ತಾ. ನಮ್ಮ ಅಬ್ಬಾನೂ ಇದನ್ನೇ ಹೇಳ್ತಿದ್ರು, ಖಾಲಿ ತಾಟು ತಿರುಗಿ ಕಳಸಬಾರದಂತ." ಅವರ ತಮ್ಮ ಫಯಾಜ ಗೊನೆ ಹೊತ್ತು ತಂದ. ಇಳಿದದ್ದು ಇಪ್ಪತ್ತು ಕಿಲೋ, ಏರಿದ್ದು ಎಪ್ಪತ್ತು.

ಅಲ್ಲಿಂದ ಮುಂದೆ ಕತೆ ತಿರುಗಿ ನಿಂತಿತು.

ಇಷ್ಟು ಹೊತ್ತು ಭಾರ ಇಲ್ಲವಲ್ಲ ಎಂದು ಅತ್ತವನು ಈಗ ಭಾರ ಜಾಸ್ತಿಯಾಯಿತಲ್ಲ ಎಂದು ಅಳುವ ಹಾಗಾಯಿತು. ಜೇವರ್ಗಿಯ ದಾರಿಯುದ್ದಕ್ಕೂ ಹೊಲ, ಹೊಲದ ತುಂಬ ಮಂದಿ. ಫೋನಿನಲ್ಲಿ ಸುದ್ದಿ ಗಾಡಿಗಿಂತ ಮುಂದೆ ಓಡಿತ್ತು: ಮೂರು ಊರಿನ ಗಾಡಿ ಬರುತ್ತಿದೆ, ಭೂಸನೂರಿನವರು ಆರು ಸಿವುಡು ಕೊಟ್ಟಿದ್ದಾರಂತೆ, ನಾವೇನು ಕಡಿಮೆ? ಮಣ್ಣೂರಿನಿಂದ ಬೀಗರ ಹೊಲಕ್ಕೆ ಬಂದಿದ್ದ ಒಬ್ಬ ವಯಸ್ಸಾದ ಮುತ್ಯಾ ರಸ್ತೆಯ ನಡುವೆಯೇ ಅಡ್ಡ ಮಲಗಿ, ಕುಂಬಳಕಾಯಿ ತಗೊಂಡರೆ ಮಾತ್ರ ಏಳುತ್ತೇನೆ ಎಂದ. ಗುರುಪಾದ ಉಪಾಯ ಮಾಡಿ, ಕಬ್ಬನ್ನು ಇಳಿಸಿ ತೊಗರಿ ಹೊಲದವರಿಗೆ ಹಂಚಲು ನೋಡಿದ. ಅವರು ಸಂತೋಷದಿಂದ ತಗೊಂಡು, ಕಬ್ಬಿನ ಎರಡರಷ್ಟು ಹಸಿ ತೊಗರಿಕಾಯಿಯ ಹೊರೆ ಹೇರಿದರು. ಕೊಟ್ಟಷ್ಟೂ ತುಂಬುತ್ತಿತ್ತು.

ಭೀಮಾ ನದಿಯ ಸೇತುವೆಯ ಹತ್ತಿರ ಬಂದಾಗ ಭಾರ ಏಳು ಕ್ವಿಂಟಲ್ ಮೂವತ್ತು. ಬ್ಯಾಟರಿ ನೂರಕ್ಕೆ ಹದಿನಾಲ್ಕು. ಜೇವರ್ಗಿ ಇನ್ನೂ ದೂರ. ಗಡಿಯಾರದಲ್ಲಿ ನಾಲ್ಕು ಹೊಡೆದಿತ್ತು.

"ಈ ಭಾರಕ್ಕೆ ಮುಟ್ಟಲ್ಲ," ಎಂದ ಅನೀಲಕುಮಾರ ಹೊಟ್ಟೆ ಹಿಡಿದುಕೊಂಡು. "ಎರಡು ಕ್ವಿಂಟಲ್ ಆದ್ರೂ ಇಳೀಬೇಕು. ರಸ್ತೆ ಪಕ್ಕ ಚೆಲ್ಲಿಬಿಡಿ."

"ಚೆಲ್ಲೋದಾ? ಇವತ್ತಿನ ದಿನ, ಹೊಲದವ್ರು ಕೊಟ್ಟಿದ್ದನ್ನ?" ಎಂದ ಗುರುಪಾದ. "ನಮ್ಮ ಆಯಿಗಿ ಗೊತ್ತಾದ್ರ ನನ್ನನ್ನೇ ಚೆಲ್ಲತಾಳ್ರಿ. ಯಾರಿಗಾರ ಕೊಡಬೇಕು. ಆದ್ರ ತಿರುಗಿ ಕೊಡದಂಥವ್ರು ಬೇಕು. ಅಂಥವ್ರು ಈ ಸೀಮಿಯಾಗ ಯಾರದಾರ್ರಿ?"

ಅದಕ್ಕೆ ಉತ್ತರ "ಮ್ಯಾ" ಎಂದು ಬಂತು.

ಸೇತುವೆಯ ಕೆಳಗಿನಿಂದ ಕುರಿ ಹಿಂಡು ಏರಿ ಬರುತ್ತಿತ್ತು. ಇನ್ನೂರಕ್ಕೆ ಕಮ್ಮಿ ಇಲ್ಲ. ಗುರುಪಾದ ಗಾಡಿಯಿಂದ ಹಾರಿದ. ಬೂಟಿಲ್ಲ, ಕಡಗವಿಲ್ಲ, ಸೀದಾ ಕೈಮುಗಿತ. "ಅಣ್ಣಾ! ನಿನ್ನ ಕುರಿಗಳಿಗಿ ಇವತ್ತು ಹಬ್ಬ ಆಗ್ಯಾದೇನು?"

"ಅವಕ್ಕ ಯಾರು ಬಜ್ಜಿ ಹಾಕ್ತಾರೋ ತಮ್ಮಾ," ಎಂದ ಕುರಿ ಕಾಯುವ ಕಲ್ಯಾಣಪ್ಪ, ಕಂಬಳಿಯೊಳಗಿನಿಂದ.

"ನಾ ಹಾಕ್ತೇನಿ!"

ಕಾಯಿ ತುಂಬಿದ ಕಡಲೆ ಹೊರೆ, ತೊಗರಿ ಹೊರೆ, ಕಬ್ಬಿನ ತುದಿಯ ಹಸಿರು ವಾಡೆ ರಸ್ತೆಯ ಬದಿಗೆ ಇಳಿದವು. ಇನ್ನೂರು ಕುರಿಗಳು ಒಂದೇ ಸಲ ಮುಗಿಬಿದ್ದವು. ಆ ಸದ್ದು ಕೇಳಬೇಕಿತ್ತು: ಕರಕರ, ಕುರುಕುರು, ನಡುವೆ ಒಂದು ತೃಪ್ತಿಯ ಸೀನು. ಕುರಿಗಳಿಗೆ ತಿರುಗಿ ಬುತ್ತಿ ಕಟ್ಟುವ ಪದ್ಧತಿ ಇಲ್ಲ. ಆದರೆ ಕುರಿಯವನಿಗೆ ಇತ್ತು.

"ನಿಲ್ಲು, ನಿಲ್ಲು," ಎಂದ ಕಲ್ಯಾಣಪ್ಪ, ಗುರುಪಾದ ಗಾಡಿ ಹತ್ತುವಾಗ. "ನನ್ನ ಮೂಕ ಜೀವಕ್ಕ ಹಬ್ಬ ಮಾಡ್ಸಿದಿ. ಕೈ ಖಾಲಿ ಹೆಂಗ ಕಳಸಲಿ?" ಕಿಟಕಿಯಿಂದ ಒಂದು ಕುರಿಮರಿಯನ್ನು ಒಳಗೆ ದಾಟಿಸಿ, ಅನೀಲಕುಮಾರನ ತೊಡೆಯ ಮೇಲೆ ಇಟ್ಟ. ಮರಿ ಫಾರಂನ ಮೊದಲ ಹಾಳೆಯನ್ನು ಮೂಸಿ, ಮೂಲೆಯನ್ನು ತಿಂದಿತು.

ಜೇವರ್ಗಿ ಮುಟ್ಟುವವರೆಗೆ ಇಬ್ಬರ ಕಣ್ಣೂ ಬ್ಯಾಟರಿಯ ಅಂಕಿಯ ಮೇಲೆ. ಒಂಬತ್ತು. ಏಳು. ಗುರುಪಾದ ಏರಿನಲ್ಲಿ ಮೈ ಮುಂದಕ್ಕೆ ಬಾಗಿಸಿದ, ತಾನೇ ಎಳೆಯುವವನಂತೆ. ಐದು. ಪುರಸಭೆಯ ಗೇಟು ಕಂಡಾಗ ನಾಲ್ಕು. ಸಮಯ ಐದಕ್ಕೆ ಆರು ನಿಮಿಷ ಬಾಕಿ.

ಶ್ರೀಮಂತಪ್ಪ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತಿದ್ದರು, ಸಿನಿಮಾದ ಕೊನೆಯಲ್ಲಿ ಹುಡುಗಿಯ ಅಪ್ಪ ನಿಲ್ಲುವ ಹಾಗೆ. ಗಾಡಿಯ ಹಿಂದೆ ಬಂದು ತಮ್ಮ ಊರಿನ ಹೆಸರು ಓದಿಕೊಂಡರು. ಆಮೇಲೆ ಮುಂದೆ ಬಂದು ಪರದೆ ನೋಡಿದರು.

"ನಾಲ್ಕು ಕ್ವಿಂಟಲ್ ತೊಂಬತ್ತಾರು," ಎಂದರು. "ನಾಲ್ಕು ಕಿಲೋ ಕಮ್ಮಿ."

ಕುರಿಗಳು ಸ್ವಲ್ಪ ಹೆಚ್ಚೇ ಉಂಡುಬಿಟ್ಟಿದ್ದವು; ಬ್ಯಾಟರಿಯ ಚಿಂತೆಯಲ್ಲಿ ಭಾರದ ಅಂಕಿಯನ್ನು ಇಬ್ಬರೂ ನೋಡಿರಲಿಲ್ಲ.

ಗುರುಪಾದ ಗಾಡಿಯ ಹಿಂದೆ ನಿಂತಿದ್ದ. ಒಂದು ಕಾಲು ಹಲಗೆಯ ಮೇಲೆ ಊರಿದರೆ ಸಾಕು, ನಾಲ್ಕಲ್ಲ, ನಲವತ್ತು ಕಿಲೋ ಏರುತ್ತದೆ. ಶ್ರೀಮಂತಪ್ಪ ಮುಂದೆ ಪರದೆಯ ಹತ್ತಿರ. ಅನೀಲಕುಮಾರ ಇವನ ಮುಖ ನೋಡಿ, ಆಮೇಲೆ ಬೇಕೆಂದೇ ಆಕಾಶ ನೋಡಿದ. ಗುರುಪಾದನ ಕಾಲು ಅರ್ಧ ಎದ್ದಿತು ಕೂಡ. ಆಗ ಅವನಿಗೆ ನೆನಪಾದದ್ದು ಡೈಲಾಗಲ್ಲ, ಬಿಸಿಲಲ್ಲಿ ತಾಟು ಹಿಡಿದು ನಿಂತ ಊರು. ಕಾಲು ಕೆಳಗಿಟ್ಟ. ಎರಡು ಹೆಜ್ಜೆ ಹಿಂದೆ ಸರಿದು, ಎರಡೂ ಕೈ ಮೇಲೆತ್ತಿ, "ಕಮ್ಮಿ ಅದ್ರಿ ಅಧ್ಯಕ್ಷರೇ. ನಾಲ್ಕು ಕಿಲೋ ಕುರಿ ತಿಂದಾವ," ಎಂದ.

"ಕುರಿ?" ಎಂದರು ಶ್ರೀಮಂತಪ್ಪ.

"ಮ್ಯಾ," ಎಂದಿತು ಕ್ಯಾಬಿನ್.

ಅನೀಲಕುಮಾರ ಆಕಾಶದಿಂದ ಕೆಳಗಿಳಿದ. "ಒಂದ್ನಿಮಿಷ! ದಾರಿಯಲ್ಲಿ ಕೊಟ್ಟ ಭಾರ ಎಲ್ಲಾ ಭಾರಾನೇ. ಇದು ಹಿಂದೆ ಇರ್ಬೇಕಿತ್ತು, ಕೂರ್ಸಿದ್ದು ಮುಂದೆ. ಕ್ಯಾಬಿನ್ ತೂಕ ಪರದೆಗೆ ಬರಲ್ಲ." ಮರಿಯನ್ನು ಎತ್ತಿ ತಂದು ಎಲ್ಲರ ಕಣ್ಣೆದುರೇ ಕುಂಬಳಕಾಯಿಗಳ ನಡುವೆ ಬಿಟ್ಟ. ಅಂಕಿ ಓಡಿತು. ಐದು ಕ್ವಿಂಟಲ್ ಐದು ಕಿಲೋ.

ಮರಿ ಕಾಲು ಅಗಲಿಸಿ ನಿಂತು ಉಚ್ಚೆ ಹೊಯ್ಯತೊಡಗಿತು. ಎಲ್ಲರ ಕಣ್ಣೂ ಪರದೆಗೆ ಹೋಯಿತು.

"ಏ, ತಡೀಲೇ, ತಡೀಲೇ ಯಪ್ಪಾ!" ಎಂದು ಗುರುಪಾದ ಕೈಮುಗಿದ. ಅಂಕಿ ಅಲುಗಲಿಲ್ಲ, ಉಚ್ಚೆಯೂ ಗಾಡಿಯೊಳಗೇ ಇತ್ತು.

ಮೊದಲು ನಕ್ಕದ್ದು ಶ್ರೀಮಂತಪ್ಪ. ಎಂಥ ನಗೆ ಎಂದರೆ ಮೀಸೆ ಎರಡೂ ಕಡೆ ಬಾಗಿಲಿನಂತೆ ತೆರೆದುಕೊಂಡಿತು. "ಡೀಸೆಲ್ ಎಷ್ಟು ಸುಟ್ಟೀರಿ?"

"ಸೊನ್ನೆ," ಎಂದ ಅನೀಲಕುಮಾರ. "ನಾವಿಬ್ರೂ ಹದಿಮೂರು ಸಲ ಊಟ ಮಾಡಿದ್ದೀವಿ. ಅದಕ್ಕೆ ಫಾರಂನಲ್ಲಿ ಜಾಗ ಇಲ್ಲ."

ಶ್ರೀಮಂತಪ್ಪ ಸಹಿ ಹಾಕಿದರು, ಕುರಿಮರಿ ತಿಂದು ಉಳಿಸಿದ ಜಾಗದಲ್ಲಿ. ಮರುದಿನ ಬೆಳಿಗ್ಗೆ ಸೋಲಾರ್ ಚಪ್ಪರದ ಕೆಳಗೆ ಗಾಡಿ ಬಿಸಿಲು ಕುಡಿಯುತ್ತಿದ್ದಾಗ ಕಬ್ಬು, ಬಾಳೆ, ಕುಂಬಳ ಎಲ್ಲವನ್ನೂ ಇಳಿಸಿ ಪೌರಕಾರ್ಮಿಕರಿಗೆ ಹಂಚಿದರು. ಗಾಡಿ ತೊಳೆದದ್ದಾಯಿತು. ಗುರುಪಾದ ಹೊರಡಲು ಕೂತಾಗ ಶ್ರೀಮಂತಪ್ಪ ಓಡಿ ಬಂದು ಬಾಗಿಲು ಹಿಡಿದರು.

"ಎಲ್ಲಿಗಿ ಹೊಂಟಿ? ಖಾಲಿ ಗಾಡಿ ಕಳಸಿ ನಮ್ಮೂರ ಮಾನ ಕಳೀಬೇಕಂತ ಮಾಡೀಯೇನು?"

ಡೀಸೆಲ್ ಗಾಡಿಗೆಂದು ಆರಿಸಿ ಇಟ್ಟಿದ್ದ ಒಣ ಕಸದ ನಲವತ್ತು ಚೀಲ ಹಿಂದೆ ಬಂದು ಕೂತವು. ಅವು ಅಫಜಲಪುರದ ಶೆಡ್ಡಿಗೆ. ಗಾಡಿ ಕಸದ್ದಾದದ್ದು ಹೀಗೆ, ಬೀಗರಿಗೆ ಕಳಿಸುವಷ್ಟು ಮರ್ಯಾದೆಯಿಂದ.

ಮೂರನೇ ದಿನ ಗಾಡಿ ಆಳಂದಕ್ಕೆ ಬಂತು; ಗುರುಪಾದ ಮೊದಲು ಮನೆಗೆ ಹೋಗಿ ಕುರಿಮರಿಯನ್ನು ಆಯಿಯ ಕೈಗೆ ಒಪ್ಪಿಸಿದ. ಮಧುಮತಿ ಮೇಡಂ ಪುರಸಭೆಯ ಬಾಗಿಲಲ್ಲೇ ಅವನನ್ನು ನಿಲ್ಲಿಸಿ ಗಾಡಿಯ ಮುಂದಿನ ಸೀಟಿನಲ್ಲಿ ಎರಡು ದೊಡ್ಡ ಡಬ್ಬಿ ಇಡಿಸಿದರು. ಒಳಗೆ ಬಿಸಿ ಜಿಲೇಬಿ.

"ನನ್ನ ದನಿಯಾಗ ಹೇಳಿದ್ದಿ. ನನ್ನ ದನಿ ಸುಳ್ಳು ಆಗಬಾರದು," ಎಂದರು. "ಹೋಗು, ಹಂಚು."

ಗುರುಪಾದ ತನ್ನ ಓಣಿಗೆ ಬಂದು ಮೈಕ್ ಹಿಡಿದ. "ಇವತ್ತು ಜಿಲೇಬಿ ಖರೇನೇ ಅದ್ರಿ! ಬರ್ರಿ!"

ಒಂದು ಬಾಗಿಲೂ ತೆರೆಯಲಿಲ್ಲ. ಒಳಗಿನಿಂದ ಯಾರೋ ನಕ್ಕರು. "ಖರೆ ಹೇಳಾಕತ್ತೇನ್ರಿ! ಆಯಿ ಆಣಿ!" ಎಂದ. ಒಂದು ಕಿಟಕಿ ಕೂಡ ಮುಚ್ಚಿಕೊಂಡಿತು. ಡಬ್ಬಿಯಲ್ಲಿ ಜಿಲೇಬಿ ಆರುತ್ತಿತ್ತು. ಗುರುಪಾದ ಮೈಕನ್ನು ಬಾಯಿಗೆ ಹತ್ತಿರ ತಂದು, ಯಾರ ದನಿಯನ್ನೂ ಅಣಕಿಸದೆ, ಮೆಲ್ಲಗೆ ಹೇಳಿದ:

"ಗಾಡಿ ಖಾಲಿ ಬಂದದ್ರಿ. ಖಾಲೀನೇ ಕಳಸ್ತೀರೇನು?"

ಮೊದಲು ನಿಂಬೆವ್ವನ ಬಾಗಿಲು ತೆರೆಯಿತು. ಎರಡು ಕೈಯಲ್ಲಿ ಎರಡು ಬಕೆಟ್ಟು, ಒಂದರಲ್ಲಿ ಹಸಿ, ಇನ್ನೊಂದರಲ್ಲಿ ಒಣ. ಹಿಂದೆ ಕುರಿಮರಿ, ಅದಕ್ಕೆ ಅವಳು ಬ್ಯಾಟ್ರಿ ಎಂದು ಹೆಸರಿಟ್ಟಿದ್ದಳು. ಅದರ ಹಿಂದೆ ಎದುರು ಮನೆಯ ಬಾಗಿಲು, ಅದರಾಚೆಯದು, ಮೂಲೆಯದು. ಇಡೀ ಓಣಿ ಎರಡೆರಡು ಬಕೆಟ್ಟು ಹಿಡಿದು ಬಂತು. ಸುಭದ್ರಾಬಾಯಿ ಕಸ ಸುರಿದು, ಡಬ್ಬಿಯ ಕಡೆ ಅನುಮಾನದಿಂದ ನೋಡಿ, ಒಂದು ಜಿಲೇಬಿ ಎತ್ತಿ, ಮೂಸಿ, ಹಲ್ಲಿಗೆ ಇಟ್ಟಳು.

"ಖರೆ ಅದ?" ಎಂದು ಓಣಿ ಕೇಳಿತು.

ಸುಭದ್ರಾಬಾಯಿ ನಿಧಾನವಾಗಿ ಅಗಿದು ನುಂಗಿದಳು. "ಪಾಕ ಕಮ್ಮಿ ಆಗ್ಯಾದ," ಎಂದಳು, ಮತ್ತೆ ಎರಡು ಎತ್ತಿಕೊಂಡಳು.